ಮಾತು ಮುಗಿದ ಮೇಲೆ ಏನು? ಒಂಟಿ ಪ್ರಾರ್ಥನೆಯಲ್ಲಿ ಆಳಕ್ಕಿಳಿಯಲು ಒಂದು ಮಾರ್ಗದರ್ಶಿ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಭಾನುವಾರದ ಆರಾಧನೆಗೆ ಹೋಗುತ್ತೇವೆ, ಉಪವಾಸ ಪ್ರಾರ್ಥನೆಯನ್ನೂ ಮನೆ ಪ್ರಾರ್ಥನೆಯನ್ನೂ ತಪ್ಪಿಸುವುದಿಲ್ಲ, ಹತ್ತು ಜನರ ನಡುವೆ ಎದ್ದು ನಿಂತು ಬಾಯಿತುಂಬ ಪ್ರಾರ್ಥಿಸಲೂ ಬರುತ್ತದೆ. ಆದರೆ ಮನೆಯಲ್ಲಿ ಒಬ್ಬರೇ ಕುಳಿತರೆ ಐದು ನಿಮಿಷದಲ್ಲಿ ಮಾತೆಲ್ಲ ಮುಗಿದುಹೋಗುತ್ತದೆ, ಆಮೇಲೆ ಏನು ಮಾಡಬೇಕು? ಬಳ್ಳಾರಿಯಿಂದ ಕೇಳುವವರೂ ಸಿಂಧನೂರು, ಗಂಗಾವತಿ ಕಡೆಯಿಂದ ಕೇಳುವವರೂ ಹೆಚ್ಚುಕಡಿಮೆ ಇದೇ ಮಾತನ್ನು ಹೇಳುತ್ತಾರೆ.

ಇದು ಭಕ್ತಿಯ ಕೊರತೆಯಿಂದ ಆಗುವುದೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ಒಂಟಿ ಪ್ರಾರ್ಥನೆಯ ಬಹುಭಾಗ ಬೇಡಿಕೆಗಳಿಂದ ತುಂಬಿರುತ್ತದೆ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅರ್ಜಿ ಕೊಟ್ಟು ಬಂದಂತೆ, ಮಗಳ ಮದುವೆ, ಗಂಡನ ಕುಡಿತ, ತೀರದ ಸಾಲ, ಮಂಡಿನೋವು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ ಆಮೆನ್ ಎನ್ನುತ್ತೇವೆ. ಪಟ್ಟಿ ಮುಗಿದರೆ ಪ್ರಾರ್ಥನೆಯೂ ಮುಗಿಯಲೇಬೇಕು. ಕ್ರೈಸ್ತ ಪರಂಪರೆ ಕಲಿಸುವ ಕ್ರಮ ಬೇರೆ: ದೇವರು ಮೊದಲು ಮಾತಾಡುತ್ತಾನೆ, ನಾವು ಅದಕ್ಕೆ ಉತ್ತರ ಕೊಡುತ್ತೇವೆ. ಈ ಕ್ರಮವನ್ನು ದಿನದ ಅಭ್ಯಾಸವಾಗಿ ಮಾಡಿಕೊಳ್ಳುವುದು ಹೇಗೆಂಬುದನ್ನು ಮುಂದೆ ಹಂತ ಹಂತವಾಗಿ ವಿವರಿಸಿದ್ದೇನೆ. ಬಳ್ಳಾರಿ, ರಾಯಚೂರು, ಕೊಪ್ಪಳಗಳನ್ನು ಒಳಗೊಂಡ ಬಳ್ಳಾರಿ ಧರ್ಮಕ್ಷೇತ್ರದ ಕಥೋಲಿಕರು, ರಾಯಚೂರು ಭಾಗದ ಮೆಥಡಿಸ್ಟರು, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯವರು, ಸ್ವತಂತ್ರ ಸಭೆಗಳಿಗೆ ಹೋಗುವವರು ಎಲ್ಲರೂ ಇದನ್ನು ತಮ್ಮ ತಮ್ಮ ಸಭೆಯ ರೀತಿಯನ್ನು ಬಿಡದೆಯೇ ಪಾಲಿಸಬಹುದು.

ಮೊದಲು ಬೇಕಾಗುವವು

ಒಂದು ಬೈಬಲ್ ಬೇಕು. ಮೊಬೈಲಿನಲ್ಲಿರುವುದಕ್ಕಿಂತ ಅಚ್ಚಾದ ಪುಸ್ತಕವೇ ಆದರೆ ಒಳ್ಳೆಯದು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಓದುವ ‘ಸತ್ಯವೇದವು’ ಆಗಲಿ, ಕಥೋಲಿಕರು ಓದುವ ಅನುವಾದವಾಗಲಿ ಸಾಕು. ಅಂದಹಾಗೆ, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೂ ಈ ಭಾಗಕ್ಕೂ ಹಳೆಯ ನಂಟಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಈ ಕೆಲಸಕ್ಕೆ ಕೈಹಾಕಿದರು; ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಗಲು 1831ರವರೆಗೆ ಹಿಡಿಯಿತು. ಮನೆಯಲ್ಲಿ ತೆಲುಗು ಮಾತಾಡುವವರು ಬಳ್ಳಾರಿ, ಸಿರುಗುಪ್ಪದಲ್ಲಿ ಬಹಳ ಮಂದಿ ಇದ್ದೀರಿ. ನೀವು ಸಿಟ್ಟಿನಲ್ಲಿ, ಅಳುವಿನಲ್ಲಿ ಯಾವ ಭಾಷೆ ಆಡುತ್ತೀರೋ ಆ ಭಾಷೆಯಲ್ಲೇ ಪ್ರಾರ್ಥಿಸಿ. ಸಭೆಯ ವೇದಿಕೆಯಿಂದ ಕೇಳಿಬರುವ ಗ್ರಂಥಭಾಷೆಯನ್ನು ಒಂಟಿ ಪ್ರಾರ್ಥನೆಗೂ ಎಳೆದು ತರುವ ಅಗತ್ಯವಿಲ್ಲ.

ಒಂದು ನೂರು ಪುಟದ ನೋಟ್‌ಬುಕ್ಕು, ಒಂದು ಪೆನ್ನು ಬೇಕು. ಅದರ ಉಪಯೋಗ ಆರನೆಯ ಹಂತದಲ್ಲಿ ಬರುತ್ತದೆ.

ಜಾಗದ ವಿಷಯದಲ್ಲಿ ತಲೆಕೆಡಿಸಿಕೊಳ್ಳಬೇಡಿ. ಒಂದೇ ಕೋಣೆಯ ಮನೆಯಲ್ಲಿ ಐದಾರು ಮಂದಿ ಇರುವವರಿಗೆ ‘ನಿನ್ನ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ’ ಎಂಬ ಯೇಸುವಿನ ಮಾತು (ಮತ್ತಾಯ 6:6) ಅಸಾಧ್ಯವೆಂದು ತೋರಬಹುದು. ಆದರೆ ಯೇಸು ಅಲ್ಲಿ ಹೇಳುತ್ತಿರುವುದು ಜನರ ಕಣ್ಣಿಗೆ ಬೀಳಲೆಂದು ಪ್ರಾರ್ಥಿಸಬಾರದೆಂಬ ಸಂಗತಿಯನ್ನು. ಮಾಳಿಗೆಯ ಮೂಲೆ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲು, ಹೊತ್ತಾರೆ ಬಾಗಿಲು ತೆಗೆದಿರುವ ಚರ್ಚಿನ ಹಿಂದಿನ ಬೆಂಚು, ಯಾವುದಾದರೂ ಆದೀತು. ದಿನವೂ ಅದೇ ಜಾಗವಾಗಿರಲಿ. ಅಲ್ಲಿ ಕುಳಿತೊಡನೆ ಮನಸ್ಸು ತಾನಾಗಿ ಅಣಿಯಾಗುವಂತೆ ರೂಢಿಯಾಗುತ್ತದೆ.

1. ಹೊತ್ತನ್ನು ಗೊತ್ತುಮಾಡಿ

ಪ್ರಾರ್ಥನೆಗೆ ಬೆಳಗಿನ ನಾಲ್ಕು ಗಂಟೆಯೇ ಶ್ರೇಷ್ಠವೆಂದು ಅನೇಕ ಬೋಧಕರು ಹೇಳುತ್ತಾರೆ. ಯೇಸು ಮುಂಜಾನೆ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ್ದನ್ನು ಮಾರ್ಕನು ಬರೆದಿದ್ದಾನೆ (1:35), ನಿಜ. ಆದರೆ ಅದೇ ಯೇಸು ಸಂಜೆ ಬೆಟ್ಟಕ್ಕೆ ಹೋಗಿಯೂ ಪ್ರಾರ್ಥಿಸಿದ್ದಾನೆ, ಇಡೀ ರಾತ್ರಿಯೂ ಪ್ರಾರ್ಥಿಸಿದ್ದಾನೆ. ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನು (ದಾನಿಯೇಲ 6:10). 55ನೆಯ ಕೀರ್ತನೆ ಸಂಜೆ, ಮುಂಜಾನೆ, ಮಧ್ಯಾಹ್ನ ಮೂರನ್ನೂ ಹೆಸರಿಸುತ್ತದೆ. ಆದ್ದರಿಂದ ಗಂಟೆಗಿಂತ ಮುಖ್ಯವಾದದ್ದು ನಿಯಮ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ ಇಂಥ ಕಡೆ ಪಾಳಿಯಲ್ಲಿ ದುಡಿಯುವವರಿಗೆ ಗಡಿಯಾರದ ಹೊತ್ತನ್ನು ನೆಚ್ಚಿಕೊಳ್ಳುವುದು ಆಗದ ಮಾತು. ಈ ವಾರ ಬೆಳಗಿನ ಪಾಳಿಯಾದರೆ ಮುಂದಿನ ವಾರ ರಾತ್ರಿಯದು. ಇಂಥವರು ಗಂಟೆಯ ಬದಲು ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಕಟ್ಟಿಹಾಕಬೇಕು: ಪಾಳಿ ಯಾವುದೇ ಇರಲಿ, ಮನೆಗೆ ಬಂದು ಕೈಕಾಲು ಮುಖ ತೊಳೆದ ಮೇಲೆ, ಊಟಕ್ಕೆ ಕೂಡುವ ಮೊದಲು. ನಾಟಿಯ ದಿನಗಳಲ್ಲಿ ನಸುಕಿಗೇ ಗದ್ದೆಗೆ ಹೊರಡುವ ಹೆಣ್ಣುಮಕ್ಕಳು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತನ್ನು ಹಿಡಿದುಕೊಳ್ಳಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಯಾರಿಂದಲೂ ಆಗದು. ಮಾಳಿಗೆಯ ಮೇಲೆ ಮಲಗುವವರು ಎದ್ದೊಡನೆ, ಹಾಸಿಗೆ ಸುತ್ತುವ ಮುಂಚೆ ಅಲ್ಲೇ ಕುಳಿತುಬಿಡುವುದು ಸುಲಭ.

ಮೊದಲ ತಿಂಗಳು ಹದಿನೈದು ನಿಮಿಷ ಸಾಕು. ಹೊಸವರ್ಷದ ರಾತ್ರಿಯ ಆರಾಧನೆಯಲ್ಲಿ ಉಕ್ಕಿಬಂದ ಉತ್ಸಾಹದಲ್ಲಿ ‘ಇನ್ನು ದಿನಕ್ಕೆ ಒಂದು ಗಂಟೆ’ ಎಂದು ಹರಕೆ ಹೊತ್ತುಕೊಂಡವರು ಸಂಕ್ರಾಂತಿ ಹೊತ್ತಿಗೆ ಅದನ್ನು ಕೈಬಿಟ್ಟು, ಆಮೇಲೆ ಆ ತಪ್ಪಿತಸ್ಥ ಭಾವದಿಂದಲೇ ಪ್ರಾರ್ಥನೆಯಿಂದ ಪೂರ್ತಿ ದೂರ ಸರಿಯುವುದು ಸಾಮಾನ್ಯವಾಗಿ ಕಾಣುವ ಸಂಗತಿ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಕೂಡಬೇಡಿ. ಎಂದಿನ ಹದಿನೈದು ನಿಮಿಷಕ್ಕೆ ಮರಳಿ.

2. ಕುಳಿತು ಸುಮ್ಮನಾಗಿ

ಮೊದಲ ಎರಡು ಮೂರು ನಿಮಿಷ ಏನನ್ನೂ ಹೇಳದೆ ಕುಳಿತುಕೊಳ್ಳಿ. ಮೊಣಕಾಲೂರುವುದು, ಚಾಪೆಯ ಮೇಲೆ ಕೂಡುವುದು, ನಿಲ್ಲುವುದು ಎಲ್ಲಕ್ಕೂ ಬೈಬಲಿನಲ್ಲಿ ಉದಾಹರಣೆಗಳಿವೆ. ಮಂಡಿನೋವಿದ್ದವರು ಕುರ್ಚಿಯ ಮೇಲೆ ಕೂತರೆ ಭಕ್ತಿ ಕಡಿಮೆಯಾಗುವುದಿಲ್ಲ. ಮನಸ್ಸು ಓಡುತ್ತಿದ್ದರೆ ಒಂದು ಚಿಕ್ಕ ವಾಕ್ಯವನ್ನು ಉಸಿರಿನ ಲಯಕ್ಕೆ ಹೊಂದಿಸಿಕೊಂಡು ಮೆಲ್ಲಗೆ ಹೇಳಿಕೊಳ್ಳಬಹುದು. ಪೂರ್ವದೇಶದ ಸಭೆಗಳಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವ ‘ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು’ ಎಂಬುದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಯೆರಿಕೋವಿನ ಕುರುಡನ ಕೂಗೂ ದೇವಾಲಯದ ಮೂಲೆಯಲ್ಲಿ ಎದೆ ಬಡಿದುಕೊಂಡ ಸುಂಕದವನ ಮೊರೆಯೂ ಅದರಲ್ಲಿ ಬೆರೆತಿವೆ. ಎರಡೂ ಲೂಕನ 18ನೆಯ ಅಧ್ಯಾಯದಲ್ಲೇ ಸಿಗುತ್ತವೆ.

ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ, ಒಂದೇ ಕೋಣೆಯಾದರೆ ಬೀರುವಿನೊಳಗಿಡಿ. ಮಗುಚಿ ಇಟ್ಟರೆ ಸಾಲದು.

3. ಒಂದು ಕೀರ್ತನೆಯನ್ನು ಓದಿ, ಅದಕ್ಕೆ ಉತ್ತರ ಕೊಡಿ

ಈ ಲೇಖನದ ಬೇರೆ ಯಾವುದನ್ನೂ ಪಾಲಿಸಲಾಗದವರು ಇದೊಂದು ಹಂತವನ್ನಾದರೂ ಹಿಡಿದುಕೊಳ್ಳಿ.

ಬೈಬಲಿನ ನಡುವೆ ಇರುವ 150 ಕೀರ್ತನೆಗಳು ಯೆಹೂದ್ಯರ ಪ್ರಾರ್ಥನಾ ಪುಸ್ತಕ. ಯೇಸು ಬಾಲ್ಯದಿಂದ ಹಾಡಿ ಬೆಳೆದದ್ದು ಇವುಗಳನ್ನೇ. ಶಿಲುಬೆಯ ಮೇಲೆ ಅವನ ಬಾಯಿಂದ ಬಂದ ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ’ ಎಂಬ ಮಾತು 22ನೆಯ ಕೀರ್ತನೆಯ ಮೊದಲ ಸಾಲು. ದೇವರ ವಾಕ್ಯವೂ ಆಗಿ, ದೇವರಿಗೆ ಮನುಷ್ಯ ಆಡುವ ಮಾತೂ ಆಗಿರುವುದು ಇವುಗಳ ವಿಶೇಷ. ಆದ್ದರಿಂದಲೇ ಮಾತು ಮುಗಿದವರಿಗೆ ಇವು ಮಾತು ಕೊಡುತ್ತವೆ.

ಓದುವ ವಿಧಾನಕ್ಕೆ ಹಳೆಯದೊಂದು ದಾರಿಯಿದೆ. 12ನೆಯ ಶತಮಾನದಲ್ಲಿ, ಅಂದರೆ ಇಲ್ಲಿ ಕಲ್ಯಾಣದಲ್ಲಿ ಬಸವಣ್ಣನವರಿದ್ದ ಶತಮಾನದಲ್ಲೇ, ಫ್ರಾನ್ಸಿನ ಕಾರ್ತೂಸಿಯನ್ ಮಠದ ಎರಡನೆಯ ಗೀಗೋ ಎಂಬ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದನು. ಲ್ಯಾಟಿನ್ನಿನಲ್ಲಿ ಇದಕ್ಕೆ ಲೆಕ್ಸಿಯೊ ದಿವೀನಾ, ಎಂದರೆ ದೈವಿಕ ಓದು, ಎಂದು ಹೆಸರು. ಮೊದಲು ಓದುವುದು, ಬಳಿಕ ಮನಸ್ಸಿಗೆ ತಾಕಿದ ಮಾತನ್ನು ಮೆಲುಕು ಹಾಕುವುದು, ಆ ಮಾತಿನಿಂದ ಹುಟ್ಟಿದ ಪ್ರಾರ್ಥನೆಯನ್ನು ದೇವರಿಗೆ ಹೇಳುವುದು, ಕೊನೆಗೆ ಮಾತಿಲ್ಲದೆ ದೇವರ ಎದುರು ಇರುವುದು.

13ನೆಯ ಕೀರ್ತನೆಯನ್ನು ಇಟ್ಟುಕೊಂಡು ಇದನ್ನು ಮಾಡಿ ನೋಡೋಣ. ಆರೇ ವಚನಗಳ ಚಿಕ್ಕ ಕೀರ್ತನೆ ಇದು. ಮೊದಲ ಎರಡು ವಚನಗಳಲ್ಲಿ ‘ಇನ್ನೆಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ: ಎಷ್ಟರವರೆಗೆ ನನ್ನನ್ನು ಮರೆತಿರುವೆ, ಎಷ್ಟರವರೆಗೆ ಮುಖ ಮರೆಮಾಡಿಕೊಳ್ಳುವೆ, ಎಷ್ಟರವರೆಗೆ ನಾನು ಚಿಂತೆಯಲ್ಲಿ ಕೊರಗಬೇಕು, ಎಷ್ಟರವರೆಗೆ ವೈರಿಯ ಕೈ ಮೇಲಾಗಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಹೊಲವಿರುವ ರೈತರೊಬ್ಬರು ಇದನ್ನು ಓದುತ್ತಿದ್ದಾರೆಂದು ಇಟ್ಟುಕೊಳ್ಳಿ. ಸಸಿಮಡಿ ಬಲಿತಿದೆ, ಮೇಲ್ಭಾಗದವರ ನಾಟಿ ಮುಗಿದಿದೆ, ಇವರ ತೂಬಿಗೆ ಇನ್ನೂ ನೀರು ತಲುಪಿಲ್ಲ. ಮೊದಲ ಸಲ ಅವರು ಇಡೀ ಕೀರ್ತನೆಯನ್ನು ತುಟಿಯಲುಗಿಸಿ ನಿಧಾನವಾಗಿ ಓದುತ್ತಾರೆ. ಎರಡನೆಯ ಸಲ ಓದುವಾಗ ‘ಇನ್ನೆಷ್ಟರವರೆಗೆ’ ಎಂಬಲ್ಲಿ ಮನಸ್ಸು ನಿಲ್ಲುತ್ತದೆ. ಅಲ್ಲಿಂದ ಮುಂದೆ ಹೋಗಬೇಕಿಲ್ಲ. ಆ ಮಾತನ್ನೇ ನಾಲ್ಕಾರು ಸಲ ಹೇಳಿಕೊಳ್ಳಲಿ. ಹೇಳಿಕೊಳ್ಳುವಾಗ ತಮಗೆ ನಿಜವಾಗಿ ನೋವು ಕೊಡುತ್ತಿರುವುದು ನೀರಿನ ವಿಷಯವೋ, ಸಾಲ ಕೊಟ್ಟವರು ನಾಲ್ಕು ಜನರ ಎದುರು ಆಡಿದ ಮಾತೋ ಎಂಬುದು ಅವರಿಗೇ ತಿಳಿಯುತ್ತ ಬರುತ್ತದೆ. ಆಗ ಪ್ರಾರ್ಥನೆ ‘ನೀರು ಬಿಡಿಸು ಸ್ವಾಮಿ’ ಎಂಬಷ್ಟಕ್ಕೆ ನಿಲ್ಲುವುದಿಲ್ಲ. ‘ನೀನೂ ನನ್ನನ್ನು ಮರೆತೆಯಾ ಎನ್ನಿಸುತ್ತಿದೆ, ಅವಮಾನದಿಂದ ಊರಿನಲ್ಲಿ ತಲೆಯೆತ್ತಲಾಗುತ್ತಿಲ್ಲ’ ಎಂಬಲ್ಲಿಗೆ ಇಳಿಯುತ್ತದೆ. ಮೂರು, ನಾಲ್ಕನೆಯ ವಚನಗಳ ‘ನನ್ನ ಕಡೆ ನೋಡು, ಉತ್ತರ ಕೊಡು’ ಎಂಬ ಬಿನ್ನಹ ಆಗ ಅವರದೇ ಆಗುತ್ತದೆ. ಐದು, ಆರನೆಯ ವಚನಗಳಲ್ಲಿ ಕೀರ್ತನೆಗಾರನು ದೇವರ ಪ್ರೀತಿಯಲ್ಲಿ ಭರವಸೆಯಿಟ್ಟು ಹಾಡುತ್ತೇನೆನ್ನುತ್ತಾನೆ. ಓದುವವರಿಗೆ ಇನ್ನೂ ಆ ಭರವಸೆ ಹುಟ್ಟಿಲ್ಲವಾದರೆ ಇಲ್ಲದ್ದನ್ನು ಇದೆಯೆಂದು ನಟಿಸುವುದು ಬೇಡ. ‘ಈ ಎರಡು ವಚನ ನನಗಿನ್ನೂ ಹೇಳಲಾಗುತ್ತಿಲ್ಲ, ಹೇಳುವಂತೆ ಮಾಡು’ ಎಂದರೆ ಅದೂ ಪೂರ್ಣ ಪ್ರಾರ್ಥನೆಯೇ. ಬಳಿಕ ಎರಡು ನಿಮಿಷ ಸುಮ್ಮನೆ ಕುಳಿತು ಏಳುವುದು.

ಹೀಗೆ ಹದಿನೈದು ನಿಮಿಷ ಕಳೆದದ್ದು ಅರಿವಿಗೇ ಬರುವುದಿಲ್ಲ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ: ಭಯವಿದ್ದಾಗ 27, 46, 121, ಮನಸ್ಸು ಕುಗ್ಗಿದಾಗ 42 ಮತ್ತು 43, ತಪ್ಪಿನ ಅರಿವಾದಾಗ 51, 130, ಕೃತಜ್ಞತೆ ತುಂಬಿದಾಗ 103, 116, ಸಾವಿನ ಮನೆಯಲ್ಲಿ 90, ಏನೂ ಬೇಡವೆನಿಸಿದ ದಿನ ಮೂರೇ ವಚನಗಳ 131. ಒಂದೆರಡು ತಿಂಗಳು ಹೀಗೆ ರೂಢಿಯಾದ ಮೇಲೆ ಮೊದಲನೆಯದರಿಂದ ಹಿಡಿದು ಕ್ರಮವಾಗಿ ದಿನಕ್ಕೊಂದರಂತೆ ಓದಿ. ಸುಮಾರು ಐದು ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. 119ನೆಯದು 176 ವಚನಗಳಷ್ಟು ಉದ್ದವಿರುವುದರಿಂದ ಅದನ್ನು ಬಿಡಿಸಿಕೊಂಡು ಓದುವುದು ಅನಿವಾರ್ಯ. ವೈರಿಗಳ ಮೇಲೆ ಸೇಡು ಕೇಳುವ ಕೀರ್ತನೆಗಳು ಬಂದಾಗ ಗಾಬರಿಯಾಗಬೇಡಿ. ಸಿಟ್ಟನ್ನು ನೆರೆಯವರ ಮೇಲೆ ತೀರಿಸಿಕೊಳ್ಳುವ ಬದಲು ದೇವರ ಮುಂದೆ ಸುರಿದು, ತೀರ್ಪನ್ನು ಅವನ ಕೈಗೆ ಬಿಟ್ಟವರ ಮಾತುಗಳು ಅವು.

ಇಲ್ಲಿ ಒಂದು ಎಚ್ಚರಿಕೆ. ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ಕಡೆ ಬಂದ ವಚನವೇ ಇಂದಿನ ದೇವರ ಉತ್ತರವೆಂದು ತಿಳಿಯುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ವಾಟ್ಸ್ಆ್ಯಪಿನಲ್ಲಿ ಬೆಳಿಗ್ಗೆ ಬರುವ ‘ಇಂದಿನ ವಾಗ್ದಾನ’ವೂ ಹೆಚ್ಚಾಗಿ ಇದೇ ಜಾತಿಗೆ ಸೇರಿದ್ದು. ಜಮೀನು ಮಾರಬೇಕೋ ಬೇಡವೋ, ಈ ಸಂಬಂಧ ಒಪ್ಪಬೇಕೋ ಬೇಡವೋ ಎಂಬುದನ್ನು ಹೀಗೆ ತೀರ್ಮಾನಿಸಲು ಹೋಗಬೇಡಿ. ವಚನವನ್ನು ಅದರ ಹಿಂದುಮುಂದಿನೊಡನೆ ಓದಿ, ಬಲ್ಲವರನ್ನು ಕೇಳಿ, ಬುದ್ಧಿಯನ್ನೂ ಬಳಸಿ ನಿರ್ಧರಿಸಿ.

4. ಕರ್ತನ ಪ್ರಾರ್ಥನೆಯನ್ನು ನಿಧಾನಗೊಳಿಸಿ

‘ನಮಗೂ ಪ್ರಾರ್ಥನೆ ಮಾಡುವುದನ್ನು ಕಲಿಸು’ ಎಂದು ಶಿಷ್ಯನೊಬ್ಬನು ಕೇಳಿದಾಗ ಯೇಸು ಕೊಟ್ಟದ್ದು ಕರ್ತನ ಪ್ರಾರ್ಥನೆ (ಲೂಕ 11:1-4, ಮತ್ತಾಯ 6:9-13). ಆದಿಸಭೆಯ ‘ದಿದಖೆ’ ಎಂಬ ಹಳೆಯ ಬೋಧನಾ ಗ್ರಂಥವು ಇದನ್ನು ದಿನಕ್ಕೆ ಮೂರು ಸಲ ಹೇಳಬೇಕೆನ್ನುತ್ತದೆ. ನಮಗೋ ಅದು ಬಾಯಿಗೆ ಎಷ್ಟು ಸಲೀಸಾಗಿದೆಯೆಂದರೆ, ಅರ್ಧ ನಿಮಿಷದೊಳಗೆ ಮುಗಿಸಿ, ಹೇಳಿದೆನೋ ಇಲ್ಲವೋ ಎಂದು ಅನುಮಾನಪಡುವಂತಾಗಿದೆ.

ಒಂದೊಂದು ವಾಕ್ಯ ಹೇಳಿ ನಿಲ್ಲಿಸಿ. ಇದರ ಕ್ರಮವನ್ನು ಗಮನಿಸಿ: ದೇವರ ನಾಮ, ದೇವರ ರಾಜ್ಯ, ದೇವರ ಚಿತ್ತ ಮೊದಲು ಬರುತ್ತವೆ, ನಮ್ಮ ಅನ್ನ, ನಮ್ಮ ಕ್ಷಮೆ, ನಮ್ಮ ಶೋಧನೆ, ಎಂದರೆ ಪಾಪದ ಸೆಳೆತ, ಅನಂತರ. ಬೇಡಿಕೆ ಅಲ್ಲಿಯೂ ಇದೆ, ಆದರೆ ತನ್ನ ಸ್ಥಾನದಲ್ಲಿದೆ. ‘ನಮ್ಮ ಅನುದಿನದ ಆಹಾರ’ ಎಂಬಲ್ಲಿ ನಿಂತಾಗ, ‘ನನ್ನ’ ಎನ್ನದೆ ‘ನಮ್ಮ’ ಎಂದು ಕಲಿಸಿರುವುದರಿಂದ, ಜೀನ್ಸ್ ಘಟಕದಲ್ಲಿ ಕೆಲಸವಿಲ್ಲದೆ ಈ ವಾರದ ಬಟವಾಡೆ ಸಿಗದ ಪಕ್ಕದ ಮನೆಯವರನ್ನೂ ಅದರಲ್ಲಿ ಸೇರಿಸಿ ಹೇಳಬಹುದು.

ಜಪಮಾಲೆ ಹೇಳುವ ಕಥೋಲಿಕರಿಗೂ ಇದೇ ಸಲಹೆ. ಜಪಮಾಲೆಯ ಜೀವ ಇರುವುದು ಮಣಿಗಳ ಎಣಿಕೆಗಿಂತ ಹೆಚ್ಚಾಗಿ ಯೇಸುವಿನ ಜೀವನದ ರಹಸ್ಯಗಳ, ಎಂದರೆ ಮುಖ್ಯ ಘಟನೆಗಳ, ಧ್ಯಾನದಲ್ಲಿ. ಐವತ್ತು ‘ನಮೋ ಮರಿಯ’ಗಳನ್ನು ಓಡಿಸುವಷ್ಟೇ ಸಮಯವಿದ್ದರೆ ಹತ್ತನ್ನು ಧ್ಯಾನದಿಂದ ಹೇಳಿ ನಿಲ್ಲಿಸುವುದು ಮೇಲು. ಪೋಪ್ ಎರಡನೆಯ ಜಾನ್ ಪಾಲ್ 2002ರಲ್ಲಿ ಬೆಳಕಿನ ರಹಸ್ಯಗಳನ್ನು ಸೇರಿಸಿದ್ದು ಯೇಸುವಿನ ಬಹಿರಂಗ ಜೀವನವೂ ಈ ಧ್ಯಾನದೊಳಗೆ ಬರಲೆಂದೇ.

5. ರಾತ್ರಿ ದಿನವನ್ನು ತಿರುಗಿ ನೋಡಿ

ಮಲಗುವ ಮುಂಚೆ ಐದು ನಿಮಿಷ ಸಾಕು. 16ನೆಯ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಶೋಧನೆಯ ಕ್ರಮ ಇದು. ಮೊದಲು ಕೃತಜ್ಞತೆ, ಬಳಿಕ, ನನ್ನ ದಿನವನ್ನು ನೀನು ಕಂಡಂತೆ ಕಾಣಿಸು ಎಂಬ ಬಿನ್ನಹ, ಬೆಳಗಿನಿಂದ ರಾತ್ರಿಯವರೆಗೆ ಗಂಟೆ ಗಂಟೆಯಾಗಿ ನೆನಪು ಮಾಡಿಕೊಳ್ಳುವುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೊಂದು ತೀರ್ಮಾನ.

ಕೃತಜ್ಞತೆ ಬಿಡಿಬಿಡಿಯಾಗಿರಲಿ. ‘ಎಲ್ಲ ಆಶೀರ್ವಾದಗಳಿಗಾಗಿ ಸ್ತೋತ್ರ’ ಎಂದರೆ ಯಾವುದನ್ನೂ ನೆನೆದಂತಾಗುವುದಿಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗಿ, ನಲ್ಲಿಗೆ ಬಂದ ನೀರು, ಜ್ವರ ಇಳಿದ ಮಗು, ಹೀಗೆ ಹೆಸರಿಸಿ ಹೇಳಿ. ತಪ್ಪಿನ ಅರಿಕೆಯೂ ಹಾಗೆಯೇ: ‘ನಾನು ಪಾಪಿ’ ಎಂದು ಒಟ್ಟಾರೆ ಹೇಳುವುದು ಸುಲಭ, ‘ಅತ್ತೆಗೆ ಊಟ ಬಡಿಸುವಾಗ ತಟ್ಟೆಯನ್ನು ಕುಕ್ಕಿದೆ’ ಎನ್ನುವುದು ಕಷ್ಟ. ಯಾರೊಡನೆಯಾದರೂ ಮನಸ್ತಾಪವಿದ್ದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಸಮಾಧಾನ ಮಾಡಿಕೊಳ್ಳಲು ಯೇಸು ಹೇಳಿದ್ದಾನೆ (ಮತ್ತಾಯ 5:23-24). ಪಾಲಿನ ಜಗಳದಲ್ಲಿ ಅಣ್ಣನೊಡನೆ ಮಾತು ಬಿಟ್ಟವರು ಪ್ರಾರ್ಥನೆ ಯಾಕೆ ಒಣಗಿದೆಯೆಂದು ಕೇಳುವಾಗ ನನಗೆ ನೆನಪಾಗುವುದು ಈ ವಚನವೇ.

ಇನ್ನೊಂದು ತುದಿಯವರೂ ಇದ್ದಾರೆ. ಕ್ಷಮೆ ಕೇಳಿದ ಪಾಪವನ್ನೇ ಮತ್ತೆ ಮತ್ತೆ ಕೆದಕಿ, ಸಣ್ಣ ಸಣ್ಣ ಯೋಚನೆಗಳಿಗೂ ನರಕದ ಭಯಪಟ್ಟು ನಿದ್ದೆಗೆಡುವವರು ಈ ಹಂತದಲ್ಲಿ ಕೃತಜ್ಞತೆಯನ್ನಷ್ಟೇ ಮಾಡಿ, ಉಳಿದದ್ದನ್ನು ನಿಮ್ಮ ಸಭಾಪಾಲಕರ ಅಥವಾ ಧರ್ಮಗುರುಗಳ ಬಳಿ ಮಾತಾಡಿ. ಕಥೋಲಿಕರಿಗೆ ಈ ರಾತ್ರಿಯ ಶೋಧನೆ ಪಾಪನಿವೇದನೆಯ ಸಂಸ್ಕಾರಕ್ಕೆ ಬದಲಿಯಾಗುವುದಿಲ್ಲ, ಅದಕ್ಕೆ ಸಿದ್ಧತೆಯಾಗುತ್ತದೆ.

6. ಬೇಡಿಕೆಗಳನ್ನು ಬರೆದಿಡಿ, ಇತರರನ್ನು ಹೊತ್ತುಕೊಳ್ಳಿ

ಬೇಡುವುದು ಕೀಳಲ್ಲ. ‘ನಿಮ್ಮ ಬೇಡಿಕೆಗಳನ್ನು ದೇವರಿಗೆ ತಿಳಿಯಪಡಿಸಿರಿ’ ಎಂದು ಪೌಲನೇ ಬರೆದಿದ್ದಾನೆ (ಫಿಲಿಪ್ಪಿ 4:6), ಬೇಸರಗೊಳ್ಳದೆ ಬೇಡಬೇಕೆಂದು ತಿಳಿಸಲು ಯೇಸು ವಿಧವೆ ಮತ್ತು ಅನ್ಯಾಯಗಾರ ನ್ಯಾಯಾಧಿಪತಿಯ ಸಾಮ್ಯಕಥೆಯನ್ನು ಹೇಳಿದ್ದಾನೆ. ಇಷ್ಟು ಹಂತಗಳಾದ ಮೇಲೆ ಬೇಡಿಕೆ ಬಂದರೆ ಅದರ ಬಣ್ಣವೇ ಬೇರೆಯಾಗಿರುತ್ತದೆ, ಅಷ್ಟೆ.

ನೋಟ್‌ಬುಕ್ಕಿನ ಏಳು ಪುಟಗಳಿಗೆ ವಾರದ ಏಳು ದಿನಗಳ ಹೆಸರು ಬರೆದು ಹಂಚಿಕೊಳ್ಳಿ. ಒಂದು ದಿನ ಮನೆಯವರು, ಒಂದು ದಿನ ಕೆಲಸದ ಜಾಗದವರು, ಒಂದು ದಿನ ರೋಗಿಗಳು, ಒಂದು ದಿನ ಸಭೆ, ಒಂದು ದಿನ ಊರು ಮತ್ತು ಅಧಿಕಾರದಲ್ಲಿರುವವರು, ಒಂದು ದಿನ ನಿಮಗಾಗದವರು. ಭಾನುವಾರ ಬೇಡಿಕೆಯಿಲ್ಲದೆ ಸ್ತುತಿ ಮಾತ್ರ. ಎಲ್ಲರನ್ನೂ ದಿನವೂ ನೆನೆಯಹೋದರೆ ಅದು ಮತ್ತೆ ಪಟ್ಟಿ ಓದುವುದಕ್ಕೇ ಬಂದು ನಿಲ್ಲುತ್ತದೆ. ಊರಿನ ದಿನವನ್ನು ಹಗುರವಾಗಿ ಕಾಣಬೇಡಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಈ ಮೂರೂ ಜಿಲ್ಲೆಗಳ ರೈತರ ನಿದ್ದೆ ಹಾರಿತ್ತು. ಅಂಥ ಹೊತ್ತಿನಲ್ಲಿ ಗೇಟು ಕೂರಿಸುವ ಎಂಜಿನಿಯರುಗಳಿಗಾಗಿ, ನೀರಿನ ರಭಸದ ನಡುವೆ ಇಳಿದು ದುಡಿಯುವ ಕೆಲಸಗಾರರಿಗಾಗಿ ಪ್ರಾರ್ಥಿಸುವುದು ಕ್ರೈಸ್ತರು ಊರಿಗೆ ಸಲ್ಲಿಸಬೇಕಾದ ಸೇವೆ. ಆಪತ್ತು ಕಳೆದ ಮೇಲೂ ಅದು ಮುಂದುವರಿಯಬೇಕು.

ಬೇಡಿದ ದಿನಾಂಕ ಬರೆಯಿರಿ, ಏನಾಯಿತೆಂಬುದನ್ನೂ ಬರೆಯಿರಿ, ‘ಇಲ್ಲ’ ಎಂಬ ಉತ್ತರವನ್ನೂ ಬರೆಯಿರಿ. ತನ್ನನ್ನು ಕಾಡುತ್ತಿದ್ದ ‘ಶರೀರದ ಮುಳ್ಳ’ನ್ನು ತೆಗೆಯೆಂದು ಪೌಲನು ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಸಿಕ್ಕಿತು (2 ಕೊರಿಂಥ 12:8-9). ಗೆತ್ಸೇಮನೆಯಲ್ಲಿ ಯೇಸುವಿನ ಬೇಡಿಕೆಗೂ ಸಂಕಟದ ಪಾತ್ರೆ ತೊಲಗಲಿಲ್ಲ. ನಂಬಿಕೆ ಸಾಲದ್ದರಿಂದಲೇ ಗುಣವಾಗಲಿಲ್ಲವೆಂದು ರೋಗಿಯ ಮುಖದೆದುರೇ ಹೇಳುವವರು ಈ ಎರಡು ಭಾಗಗಳನ್ನು ಓದಿಲ್ಲವೆಂದೇ ತಿಳಿಯಬೇಕು.

ಇದರೊಡನೆ ಮೂರು ಎಚ್ಚರಿಕೆಗಳನ್ನು ಬಿಡಿಸಿ ಹೇಳಲೇಬೇಕು. ಪ್ರಾರ್ಥಿಸುತ್ತಿದ್ದೇವೆಂಬ ಕಾರಣಕ್ಕೆ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ಮೂರ್ಛೆರೋಗದ, ಕ್ಷಯದ ಮಾತ್ರೆಗಳನ್ನು ನಿಲ್ಲಿಸಬೇಡಿ. ಹಾಗೆ ನಿಲ್ಲಿಸಲು ಯಾರೇ ಹೇಳಿದರೂ ಕೇಳಬೇಡಿ. ಪ್ರಾರ್ಥನೆಗೆ, ಎಣ್ಣೆಗೆ, ವಿಶೇಷ ಪ್ರವಾದನೆಗೆ ಇಷ್ಟೆಂದು ಹಣ ಕೇಳುವವರಿಂದ ದೂರವಿರಿ. ಇನ್ನು ಮೂರನೆಯದು, ನಮ್ಮ ಸಭೆಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಪ್ರಾರ್ಥನಾ ವಿಷಯ’ ಎಂಬ ಹೆಸರಿನಲ್ಲಿ ಹರಿದಾಡುವ ಚಾಡಿ. ಯಾರದೋ ಮಗಳ ಸಂಸಾರದ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ನೂರು ಜನರಿಗೆ ಹೇಳಿ, ಕೊನೆಗೆ ಕೈಮುಗಿದ ಚಿತ್ರ ಹಾಕಿದ ಮಾತ್ರಕ್ಕೆ ಅದು ಪ್ರಾರ್ಥನೆಯಾಗುವುದಿಲ್ಲ. ‘ನನಗೆ ಗೊತ್ತಿರುವ ಒಬ್ಬರಿಗಾಗಿ’ ಎಂದರೆ ಸಾಕು; ಯಾರೆಂಬುದು ದೇವರಿಗೆ ಗೊತ್ತು.

7. ಬರಡು ಕಾಲದಲ್ಲಿ ಬಿಡದಿರಿ

ಕೆಲವು ತಿಂಗಳಾದ ಮೇಲೆ ರುಚಿಯಿಲ್ಲದ ದಿನಗಳು ಬಂದೇ ಬರುತ್ತವೆ. ಕೀರ್ತನೆ ಓದಿದರೆ ಅಕ್ಷರಗಳಷ್ಟೇ ಕಾಣುತ್ತವೆ, ಕುಳಿತರೆ ನಿದ್ದೆ, ಎದ್ದರೆ ನಿರಾಳ. 4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಈ ಬೇಸರಕ್ಕೆ ಅಕೀಡಿಯಾ ಎಂಬ ಹೆಸರಿಟ್ಟು, ಮಧ್ಯಾಹ್ನದ ಬಿಸಿಲಿನಲ್ಲಿ ಹೊತ್ತೇ ಸರಿಯದಂತೆ ತೋರುವ ಆ ಸಂಕಟವನ್ನು ವಿವರವಾಗಿ ಬರೆದಿದ್ದಾನೆ. ಮೇ ತಿಂಗಳ ರಾಯಚೂರನ್ನು ಕಂಡವರಿಗೆ ಅವನ ವರ್ಣನೆ ಚೆನ್ನಾಗಿಯೇ ಅರ್ಥವಾದೀತು. ಅವನಂಥವರು ಕೊಟ್ಟ ಮುಖ್ಯ ಮದ್ದು: ಜಾಗ ಬಿಟ್ಟು ಏಳಬೇಡ.

ಇಂಥ ಕಾಲದಲ್ಲಿ ಹೊಸ ಹೊಸ ವಿಧಾನಗಳನ್ನೋ ಹೆಚ್ಚು ಗದ್ದಲದ ಕೂಟಗಳನ್ನೋ ಹುಡುಕಿಕೊಂಡು ಹೋಗುವ ಆಸೆಯಾಗುತ್ತದೆ. ಹೋಗಬೇಡಿ. ಹೊತ್ತನ್ನು ಹತ್ತು ನಿಮಿಷಕ್ಕೆ ಇಳಿಸಿ, ಆದರೆ ಬಿಡಬೇಡಿ. ಸ್ವಂತ ಮಾತು ಬಾರದಿದ್ದರೆ ಕೀರ್ತನೆಯನ್ನು ಗಟ್ಟಿಯಾಗಿ ಓದಿ ಆಮೆನ್ ಎನ್ನಿ. 88ನೆಯ ಕೀರ್ತನೆ ಕೊನೆಯಲ್ಲಿ ಭರವಸೆಯ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಬೈಬಲಿನಲ್ಲಿದೆ. ಯಾವುದಕ್ಕಾಗಿ ಪ್ರಾರ್ಥಿಸಬೇಕೆಂದು ತಿಳಿಯದಾಗ ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆಂದು ರೋಮ 8:26 ಹೇಳುತ್ತದೆ. ಆ ಕಾಲದಲ್ಲಿ ಸಭೆಯ ಸಾಮೂಹಿಕ ಆರಾಧನೆಯನ್ನೂ ತಪ್ಪಿಸಬೇಡಿ. ನಿಮ್ಮಿಂದ ಹಾಡಲಾಗದಿದ್ದರೂ ಅಕ್ಕಪಕ್ಕದವರು ಹಾಡುತ್ತಿರುತ್ತಾರೆ.

ಪ್ರಾರ್ಥನೆಯ ಬರಡುತನಕ್ಕೂ ಮನಸ್ಸಿನ ಕಾಯಿಲೆಗೂ ವ್ಯತ್ಯಾಸವಿದೆ. ಎರಡು ವಾರಕ್ಕೂ ಹೆಚ್ಚು ಕಾಲ ಊಟ, ನಿದ್ದೆ, ಕೆಲಸ, ಮಕ್ಕಳು ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ಬದುಕುವುದೇ ಬೇಡವೆನಿಸಿದರೆ, ವೈದ್ಯರನ್ನು ಕಾಣಿರಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದನ್ನು ನಂಬಿಕೆಯ ಸೋಲೆಂದು ಎಣಿಸಬೇಡಿ.

8. ಉಪವಾಸವನ್ನು ಹದವರಿತು ಮಾಡಿ

ಬೇಸಿಗೆಯಲ್ಲಿ ನೀರು ಬಿಟ್ಟು ಉಪವಾಸ ಮಾಡುವುದು ನಮ್ಮ ಜಿಲ್ಲೆಗಳಲ್ಲಿ ಅಪಾಯಕ್ಕೆ ಆಹ್ವಾನವಿತ್ತಂತೆ. ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು, ಬಿಸಿಲಿನಲ್ಲಿ ದುಡಿಯುವವರು ಒಂದು ಹೊತ್ತಿನ ಊಟಕ್ಕೆ ಬದಲಾಗಿ ಟಿ.ವಿ. ಧಾರಾವಾಹಿಯನ್ನೋ ಮೊಬೈಲನ್ನೋ ಬಿಡಲಿ. ಉಳಿದವರು ವಾರಕ್ಕೊಂದು ಹೊತ್ತು ಬಿಟ್ಟರೆ ಆ ಹೊತ್ತನ್ನು ಮೂರನೆಯ ಹಂತಕ್ಕೆ ಕೊಡಿ, ಉಳಿದ ಕಾಳನ್ನೋ ಕಾಸನ್ನೋ ಹಸಿದವರಿಗೆ ಮುಟ್ಟಿಸಿ. ಯೆಶಾಯನ 58ನೆಯ ಅಧ್ಯಾಯ ಕೇಳುವುದು ಈ ಬಗೆಯ ಉಪವಾಸವನ್ನೇ.

9. ಒಬ್ಬರಿಗೆ ಲೆಕ್ಕ ಒಪ್ಪಿಸಿ

ತಿಂಗಳಿಗೊಮ್ಮೆ ನಿಮ್ಮ ಪ್ರಾರ್ಥನೆಯ ಸ್ಥಿತಿಯನ್ನು ಬಿಚ್ಚಿ ಹೇಳಲು ಒಬ್ಬರಿರಲಿ: ಪಾಸ್ಟರ್ ಅಮ್ಮನವರೋ, ಫಾದರೋ, ಸಿಸ್ಟರೋ, ಸಭೆಯ ಹಿರಿಯ ಅಜ್ಜಿಯೋ. ಹೆಚ್ಚು ಮಾತಾಡುವವರಿಗಿಂತ ಹೆಚ್ಚು ಕೇಳಿಸಿಕೊಳ್ಳುವವರನ್ನು ಆರಿಸಿಕೊಳ್ಳಿ. ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ, ಆದರೆ ಇತರರ ಹೆಸರಿರುವ ಪುಟಗಳನ್ನು ತೋರಿಸಬೇಡಿ. ಯಾವ ಕೀರ್ತನೆಯಲ್ಲಿ ನಿಂತಿದ್ದೀರಿ, ಯಾವುದನ್ನು ಹೇಳಲಾಗದೆ ಹಾರಿಸಿದ್ದೀರಿ, ಯಾವ ಹೆಸರಿಗೆ ಬಂದಾಗ ಪ್ರಾರ್ಥನೆ ಬಾಯಿಂದ ಹೊರಡುವುದಿಲ್ಲ, ಈ ಮೂರನ್ನು ಹೇಳಿದರೆ ಮಾತಿಗೆ ಸಾಕಷ್ಟು ಆಯಿತು.

ಐದು ತಿಂಗಳ ಮೊದಲ ಸುತ್ತು ಮುಗಿದಾಗ ಕೀರ್ತನೆಗಳ ಜೊತೆಗೆ ಮಾರ್ಕನ ಸುವಾರ್ತೆಯನ್ನು ಸೇರಿಸಿಕೊಳ್ಳಿ. ಹದಿನಾರೇ ಅಧ್ಯಾಯಗಳಿವೆ, ಬೆಳಿಗ್ಗೆ ಕೀರ್ತನೆ, ಸಂಜೆ ಸುವಾರ್ತೆಯ ಒಂದು ಘಟನೆ. ಆಗಲೂ ಓದುವ ರೀತಿ ಮೂರನೆಯ ಹಂತದ್ದೇ, ಹೊತ್ತು ಮಾತ್ರ ಬೆಳಿಗ್ಗೆ ಹದಿನೈದು, ಸಂಜೆ ಹತ್ತು ನಿಮಿಷ.